ಕೆಂಪಿನ ಕಸಿ

ಹುಬ್ಬಳ್ಳಿಯ ಜವಳಿಸಾಲಿನಲ್ಲಿ ಸೀರೆಗೆ ಹೊಂದುವ ಬಟ್ಟೆ ಮಾರುವ ಉಳವಿ ಮ್ಯಾಚಿಂಗ್ ಸೆಂಟರ್ ನಡೆಸುವ ಅಡಿವೆಪ್ಪ ಬಣ್ಣಗಾರನಿಗೆ ಲಕ್ವ ಹೊಡೆದದ್ದು ತೀರಾ ಲಘುವಾಗಿ. ಕೈಕಾಲು ನೆಟ್ಟಗಿದ್ದವು, ಬಾಯಿ ಸೊಟ್ಟಗಾಗಲಿಲ್ಲ, ಉಣ್ಣುವುದು ಉಡುವುದು ಎಲ್ಲ ಮೊದಲಿನಂತೆಯೇ. ನೋಡಲು ಬಂದವರು 'ದೇವರು ದೊಡ್ಡವನು' ಎಂದು ಬಾಳೆಹಣ್ಣು ಕೊಟ್ಟು ಹೋದರು. ದೇವರು ದೊಡ್ಡವನೇ ಇರಬಹುದು, ಆದರೆ ಬಹಳ ಹುಡುಕಿ ಕೈ ಹಾಕಿದ್ದ. ಅಡಿವೆಪ್ಪನ ತಲೆಯಿಂದ ಬಣ್ಣಗಳ ಹೆಸರನ್ನಷ್ಟೇ ಆರಿಸಿ ತೆಗೆದುಕೊಂಡು ಹೋಗಿದ್ದ. ಬಣ್ಣಗಾರರ ಮನೆಯವನಿಗೆ ಬಣ್ಣವೇ ಕೈಕೊಟ್ಟಿತು.

ಬಣ್ಣಗಳು ಕಾಣುತ್ತಿದ್ದವು, ಅದರಲ್ಲಿ ಸಂಶಯವಿಲ್ಲ. ಗಿರಾಕಿ ಸೀರೆಯನ್ನು ಕೈಗೆ ಕೊಟ್ಟರೆ ಅಡಿವೆಪ್ಪ ಒಮ್ಮೆ ಸೆರಗು ಸವರಿ, ಗೋಡೆ ತುಂಬ ಜೋಡಿಸಿದ ಬಟ್ಟೆಯ ಥಾನುಗಳಲ್ಲಿ ಸರಿಯಾದದ್ದನ್ನೇ ಎಳೆದು ಹಾಕುತ್ತಿದ್ದ. ಹಾಕಿದವನು ಸುಮ್ಮನಿರದೆ ಸೀರೆ, ಬಟ್ಟೆ ಎರಡನ್ನೂ ಎತ್ತಿಕೊಂಡು ಕಟ್ಟೆ ಇಳಿದು ಬೀದಿಗೆ ಹೋಗಿ ಬಿಸಿಲಿಗೆ ಹಿಡಿಯುತ್ತಿದ್ದ. ಅಂಗಡಿಯೊಳಗಿನ ಬೆಳಕನ್ನು ನಂಬಿ ಕುಪ್ಪಸದ ಖಣ ಹರಿದುಕೊಟ್ಟ ಉದಾಹರಣೆ ಆ ಮನೆತನದಲ್ಲೇ ಇರಲಿಲ್ಲ. ಆದರೆ ಅದೇ ಗಿರಾಕಿ ಸೀರೆಯನ್ನು ಮನೆಯಲ್ಲಿ ಬಿಟ್ಟು ಬಂದು, "ಅಣ್ಣಾರ, ಒಂದ ಗಿಣಿ ಹಸರ ತೋರಸ್ರಿ" ಎಂದರೆ ಮುಗಿಯಿತು. ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತಿತ್ತು. ಗಿಣಿ ನೆನಪಿಗೆ ಬರುತ್ತಿತ್ತು, ಅದರ ಕೊಕ್ಕು, ಅದರ ಕಿರಿಚಾಟ ಎಲ್ಲ. ಹಸಿರು ಎಂಬುದು ಮಾತ್ರ ಬರಿಯ ಸದ್ದು. ಉಳ್ಳಾಗಡ್ಡಿ ಸಿಪ್ಪೆ ಬಣ್ಣ, ಕನಕಾಂಬರ, ರಾಣಿ ಕಲರ್ ಎಲ್ಲಕ್ಕೂ ಅದೇ ಗತಿ.

ಹೆಂಡತಿ ಮಹಾನಂದಾ ಪಕ್ಕದಲ್ಲಿದ್ದರೆ ಕಣ್ಸನ್ನೆಯಲ್ಲೇ ಥಾನು ತೋರಿಸಿ ಮಾನ ಉಳಿಸುತ್ತಿದ್ದಳು. ಒಂದು ದಿನ ಅವಳು ಅಂಗಡಿಯಲ್ಲಿರಲಿಲ್ಲ. ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ, ಬಸುರಿ ಸೊಸೆಗೆ ಕುಬಸ ಇದೆ, ಉಡಿ ತುಂಬಲು ಕೆಂಪು ಖಣ ಕಟ್ಟಿ ಕಳಿಸಿ ಎಂದರು. ಅಡಿವೆಪ್ಪ 'ಬರುವುದಿಲ್ಲ' ಎನ್ನಲು ನಾಚಿ, ದೇವರ ಮೇಲೆ ಭಾರ ಹಾಕಿ ಒಂದು ಥಾನಿನಿಂದ ಹರಿದು ಕಳಿಸಿಬಿಟ್ಟ. ಮುತ್ತೈದೆಯರ ನಡುವೆ, ಬಸುರಿಯ ಮುಂದೆ ಪೊಟ್ಟಣ ಬಿಚ್ಚಿದರೆ ಒಳಗೆ ಕಡುಗಪ್ಪು. ಮರುದಿನ ಆ ಮನೆಯ ಹಿರಿಯ ಹೆಣ್ಣುಮಗಳು ಬಂದಳು. ಬೈದಿದ್ದರೆ ಒಳ್ಳೆಯದಿತ್ತು. ಪೊಟ್ಟಣವನ್ನು ಗಲ್ಲಾದ ಮೇಲಿಟ್ಟು ಒಂದು ಮಾತೂ ಆಡದೆ ಹೋದಳು. ಅಂದಿನಿಂದ ಅಡಿವೆಪ್ಪ ಗಲ್ಲಾ ಬಿಟ್ಟು ಹಿಂದಿನ ಕೋಣೆ ಸೇರಿದ. ಅಲ್ಲಿ ಕುಳಿತು ಮಡಚಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಚುತ್ತಿದ್ದ. ಆ ಬೆನ್ನನ್ನು ನೋಡುತ್ತ ವ್ಯಾಪಾರ ಮಾಡುವುದು ಮಹಾನಂದಾಳಿಂದ ಆಗಲಿಲ್ಲ. ಪದಕಸಿಯ ಸುದ್ದಿ ಕಿವಿಗೆ ಬಿದ್ದದ್ದೇ ಗಂಡನನ್ನು ಎಬ್ಬಿಸಿಕೊಂಡು ಧಾರವಾಡದ ಬಸ್ಸು ಹತ್ತಿದಳು.

ಒಬ್ಬರ ತಲೆಯೊಳಗಿನ ಮಾತನ್ನು ಇನ್ನೊಬ್ಬರ ತಲೆಗೆ ಕಸಿ ಕಟ್ಟಬಹುದು ಎಂಬುದು ಆ ಹೊತ್ತಿಗೆ ಪತ್ರಿಕೆಗಳಲ್ಲಿ ಹಳೆಯ ಸುದ್ದಿಯಾಗಿತ್ತು. ಧಾರವಾಡದ ಹೊರವಲಯದ ಗುಡ್ಡದ ಮೇಲೆ ಅದಕ್ಕೆಂದೇ ಒಂದು ಪ್ರಯೋಗಾಲಯವಿತ್ತು. ಅಲ್ಲಿನ ಡಾಕ್ಟರ್ ವಾದಿರಾಜ ಗಲಗಲಿ ಮಾತಿನ ನಡುವೆ ಕನ್ನಡಕ ತೆಗೆದು ಒರೆಸುವ, ಒರೆಸಿ ಹಾಕಿಕೊಳ್ಳಲು ಮರೆಯುವ ಮನುಷ್ಯ.

"ನೋಡ್ರಿ ಅಕ್ಕಾರ" ಎಂದ ಅವನು ಮಹಾನಂದಾಳಿಗೆ. "ಬಣ್ಣ ನೋಡೋ ಜಾಗಾ ನೆಟ್ಟಗದ. ಮಾತಾಡೋ ಜಾಗಾನೂ ನೆಟ್ಟಗದ. ಎರಡರ ನಡುವಿನ ರಸ್ತಾ ಸುಟ್ಟುಹೋಗ್ಯದ. ಅವರು ಈ ತನಕ ಕಲಿತ ಬಣ್ಣದ ಹೆಸರೆಲ್ಲಾ ಆ ರಸ್ತಾದ ಮ್ಯಾಲೇ ಓಡಾಡ್ತಿದ್ವು. ಕನ್ನಡ, ಮರಾಠಿ, ಹಿಂದಿ, ಅಂಗಡಿ ಇಂಗ್ಲಿಷ್, ಎಲ್ಲಾ."

"ಹಂಗಾರ ಮುಗೀತೇನ್ರಿ?"

"ಮುಗದಿಲ್ಲ. ತಲಿಯ ಬಲಗಡೆ ಬೀಳು ನೆಲ ಅದ. ಅಲ್ಲಿ ಹೊಸ ರಸ್ತಾ ಹಾಕಬಹುದು. ಆದ್ರ ಅದಕ್ಕ ಅವರು ಎಂದೂ ಕೇಳದ ಭಾಷಾನ ಬೇಕು. ಒಂಚೂರು ಪರಿಚಯ ಇದ್ರೂ ಪದ ಹಳೇ ದಾರಿ ಹಿಡದು ಹೋಗಿ ಸುಟ್ಟ ಜಾಗಾದಾಗ ನಿಂತುಬಿಡ್ತದ."

ಅಡಿವೆಪ್ಪ ಎಂದೂ ಕೇಳದ ಭಾಷೆ ಹುಡುಕುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಜವಳಿಸಾಲಿನಲ್ಲಿ ಮೂವತ್ತು ವರ್ಷ ಕುಳಿತವನಿಗೆ ತಮಿಳು ತೆಲುಗಿನ ವ್ಯಾಪಾರಿಗಳು, ಗುಜರಾತಿನ ದಲಾಲರು, ಸೂರತ್ತಿನ ಮಾಲು ಎಲ್ಲ ಪರಿಚಯ. ಕೊನೆಗೆ ಲಿಥುವೇನಿಯಾ ಸಿಕ್ಕಿತು. ಆ ದೇಶದ ಕೌನಾಸ್ ಎಂಬ ಊರಿನಲ್ಲಿ ಇಂಥದ್ದೇ ಪ್ರಯೋಗಾಲಯವಿತ್ತು, ತಮ್ಮ ಮಾತನ್ನು ಬೇರೆಯವರಿಗೆ ಕೊಡಲು ಒಪ್ಪಿದ ಜನರಿದ್ದರು. ಅವರಲ್ಲೊಬ್ಬಳು ದಾನುತೆ, ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಮಹಾನಂದಾ ಆ ಹೆಸರನ್ನು ಒಂದೆರಡು ಸಲ ಬಾಯಲ್ಲಿ ಹೊರಳಿಸಿ 'ದಾನವ್ವ' ಎಂದು ಸರಿಮಾಡಿಕೊಂಡಳು. ಗುಡ್ಡಾಪುರದ ದೇವಿಯ ಹೆಸರಿದ್ದಂತೆ ಆಯಿತು, ನಂಬಿಕೆಯೂ ಬಂತು.

ಕಸಿಯ ಕ್ರಮ ಹೀಗೆ. ಇಲ್ಲಿ ಅಡಿವೆಪ್ಪನ ತಲೆಗೊಂದು ಟೋಪಿ, ಅಲ್ಲಿ ದಾನುತೆಯ ತಲೆಗೊಂದು. ಇಬ್ಬರ ಮುಂದೆಯೂ ಒಂದೇ ಬಗೆಯ ಬೆಳಕಿನ ಪೆಟ್ಟಿಗೆ, ಅದರಲ್ಲಿ ಒಂದೇ ಬಣ್ಣ. ದಾನುತೆ ಅದನ್ನು ನೋಡಿ ಹೆಸರು ಹೇಳುತ್ತಾಳೆ. ನೋಡಿದ್ದು ಹೆಸರಾಗುವ ಆ ಕ್ಷಣದಲ್ಲಿ ಅವಳ ತಲೆಯಲ್ಲಿ ಏನು ನಡೆಯುತ್ತದೋ ಅದರ ನಕ್ಷೆ ಟೋಪಿಯಿಂದ ಟೋಪಿಗೆ ಬಂದು, ಅಡಿವೆಪ್ಪನ ಬೀಳು ನೆಲದಲ್ಲಿ ಅದೇ ದಾರಿಯನ್ನು ತುಳಿದು ಮೂಡಿಸುತ್ತದೆ. ಇಬ್ಬರ ಮಾತುಕತೆಗೆ ನಡುವೆ ಒಂದು ಅನುವಾದದ ಯಂತ್ರವಿತ್ತು. ಅದರ ಕನ್ನಡ ಹಳೆಯ ಪಠ್ಯಪುಸ್ತಕದಂತೆ ಶುದ್ಧವಾಗಿತ್ತು.

ಮೊದಲು ಹಸಿರು. "ಝಾಲ್ಯಾ" ಎಂದಳು ದಾನುತೆ. ಅರ್ಧ ತಾಸು ಅದನ್ನೇ ಅಂದಳು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅಡಿವೆಪ್ಪ ಒಂದು ತಳ್ಳುಗಾಡಿಯ ಮುಂದೆ ತಟ್ಟನೆ ನಿಂತ.

"ಝಾಲ್ಯಾ" ಎಂದ, ಸೌತೆಕಾಯಿಯತ್ತ ಬೆರಳು ಮಾಡಿ. ಕಣ್ಣು ತುಂಬಿ ಬಂದಿದ್ದವು.

"ಝಾಲ್ಯಾ ಅಲ್ರಿ ಅಜ್ಜಾರ, ಸೌತಿಕಾಯಿ ಅದಾವು" ಎಂದ ಗಾಡಿಯವನು.

ಮಹಾನಂದಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕದ್ದು.

ಹಳದಿಗೆ ಗೆಲ್ತೋನಾ ಬಂತು, ನೀಲಿಗೆ ಮೇಲೀನಾ ಬಂತು. ಆಮೇಲೆ ಕಪ್ಪು, ಬಿಳಿ, ಕಂದು. ಜವಳಿಸಾಲಿನ ಹೆಣ್ಣುಮಕ್ಕಳು ಮೊದಲು ಅಯ್ಯೋ ಪಾಪ ಎಂದರು, ಆಮೇಲೆ ಕಲಿತರು. ಅವರಿಗೇನು, ರಾಮಾ ಗ್ರೀನ್ ಕಲಿತವರಿಗೆ ಝಾಲ್ಯಾ ಭಾರವೇ? "ಅಣ್ಣಾರ, ನಮ್ಮ ಅತ್ತಿಗೊಂದ ಮೇಲೀನಾ ತಗೀರಿ, ಭಾಳ ಡಾರ್ಕ್ ಬ್ಯಾಡ" ಎಂದು ಸರಾಗವಾಗಿ ಕೇಳತೊಡಗಿದರು. ಕೆಲವರು ಆ ಮಾತಿನ ಸೊಗಸಿಗೇ ಬಂದು ಬೇಡದಿದ್ದರೂ ಒಂದು ಖಣ ಹರಿಸಿಕೊಂಡು ಹೋದರು. ಎದುರಿನ ಅಂಗಡಿಯವನು ತಾನೂ 'ಇಲ್ಲಿ ಗೆಲ್ತೋನಾ ಸಿಗುತ್ತದೆ' ಎಂದು ಬೋರ್ಡು ಹಾಕಿದ. ಅಡಿವೆಪ್ಪ ಹಿಂದಿನ ಕೋಣೆಯಿಂದ ಗಲ್ಲಾದ ಹತ್ತಿರದವರೆಗೆ ಬಂದ. ಅದರ ಮೇಲೆ ಕೂರಲು ಮಾತ್ರ ಒಪ್ಪಲಿಲ್ಲ. ಇನ್ನೂ ಒಂದು ಬಣ್ಣ ಬಾಕಿಯಿತ್ತು, ಮತ್ತು ಅವನ ಮಾನ ಹೋದದ್ದು ಅದೇ ಬಣ್ಣದಲ್ಲಿ.

ಇಷ್ಟರಲ್ಲಿ ಮಹಾನಂದಾಳಿಗೆ ಬೇರೆಯದೊಂದು ಗಮನಕ್ಕೆ ಬಂದಿತ್ತು. ಗದಗಿನಲ್ಲಿರುವ ಮಗಳು ಫೋನಿನಲ್ಲಿ ತನ್ನ ಮದುವೆಯ ಹಳೆಯ ಫೋಟೋ ಒಂದನ್ನು ಕಳಿಸಿದ್ದಳು. ಬಳೆಗಾರ ಅವಳ ಕೈಗೆ ಹಸಿರು ಬಳೆ ಇಡಿಸುತ್ತಿರುವ ಚಿತ್ರ. ಬಳೆ ಇಡಿಸಿದ ಆ ದಿನ ಅಡಿವೆಪ್ಪ ನೀರು ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಿದ್ದ. ಮುಂದೆಯೂ ಹಸಿರು ಬಳೆ ಕಂಡಾಗಲೆಲ್ಲ ಅವನು ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಈಗ ಫೋಟೋ ನೋಡಿ, "ಝಾಲ್ಯಾ" ಎಂದ. ಎಂದವನು ಹೆಗಲ ಮೇಲಿನ ಟವೆಲನ್ನು ಬಿಗಿಯಾಗಿ ಹೊದ್ದುಕೊಂಡ.

"ಯಾಕ್ರಿ, ಏನಾತು?"

"ಥಂಡಿ. ದೊಡ್ಡ ದೊಡ್ಡ ಗಿಡ ಅದಾವು, ಸೂಜಿಯಂಥಾ ಎಲಿ. ಕೈಯಾಗ ಬುಟ್ಟಿ ಹಿಡಕೊಂಡ ಅಣಬಿ ಹುಡುಕಾಕ ಹೊಂಟೇವಿ."

"ಯಾರು ಹೊಂಟೀರಿ?"

"ಗೊತ್ತಿಲ್ಲ."

"ಮಗಳ ಕೈಯಾಗಿನ ಬಳಿ ನೆನಪಾಗವಲ್ವೇನ್ರಿ?"

ಅಡಿವೆಪ್ಪ ಪ್ರಾಮಾಣಿಕವಾಗಿ ಯೋಚಿಸಿದ. "ನೆನಪೈತಿ. ಅತ್ತಿದ್ದೂ ನೆನಪೈತಿ. ಬ್ಯಾರೇದವರ ಮನಿ ಮದಿವಿ ಕತಿ ಕೇಳಿದಂಗ ಆಗತೈತಿ, ಅಷ್ಟ."

ಮಹಾನಂದಾ ಮುಂದಿನ ಸಲ ಧಾರವಾಡಕ್ಕೆ ಹೋದಾಗ ಇದನ್ನು ಗಲಗಲಿಯ ಮುಂದೆ ಇಟ್ಟಳು. ಅವನು ಕನ್ನಡಕ ತೆಗೆದ.

"ನಮ್ಮ ಕಡೆ ಆಪೂಸ್ ಮಾವು ಹ್ಯಾಂಗ ಕಟ್ತಾರ ನೋಡೀರಲ್ಲ? ಬೇರು ಹಳೇ ಗಿಡದ್ದು. ಮ್ಯಾಲೆ ಬ್ಯಾರೆ ಗಿಡದ ಟೊಂಗಿ. ಹಣ್ಣು ಮಾತ್ರ ಟೊಂಗೀದು. ಪದದ ಜೋಡಿ ದಾನುತೆ ನೆನಪೂ ಒಂದಿಷ್ಟು ಬಂದಬಿಡ್ತದ. ಇವರದು ಕೆಳಗ ಇರ್ತದ, ಆದ್ರ ಚಿಗುರೂದಿಲ್ಲ."

"ಮದಲ ಯಾಕ ಹೇಳಲಿಲ್ಲ?"

"ಮದಲ ನಮಗೂ ಗೊತ್ತಿದ್ದಿಲ್ಲ ಅಕ್ಕಾರ" ಎಂದ ಗಲಗಲಿ. ಆ ಮಾತು ಸುಳ್ಳಾಗಿರಲಿಲ್ಲ.

ಆ ದಿನದಿಂದ ಮಹಾನಂದಾಳಿಗೆ ಒಂದೇ ಯೋಚನೆ. ಹಸಿರಿನಲ್ಲಿ ಮಗಳು ಹೋದಳು. ಹಳದಿಯಲ್ಲಿ ಏನು ಹೋಯಿತೋ, ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಇನ್ನು ಉಳಿದದ್ದು ಕೆಂಪು. ಆ ಕೆಂಪಿನೊಳಗೆ ತಾನು ಇದ್ದೇನೋ ಇಲ್ಲವೋ? ಇದ್ದರೆ ಅಳಿಸಿ ಹೋಗುತ್ತೇನೆ. ಇಲ್ಲದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ, ಆದರೆ ಆ ಸಂಗತಿಯನ್ನು ತಿಳಿದುಕೊಂಡು ಬದುಕಬೇಕು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ಅವಳಿಗೆ ತೀರ್ಮಾನಿಸಲಾಗಲಿಲ್ಲ. ಗಂಡನನ್ನು ನೇರವಾಗಿ ಕೇಳಬಹುದಿತ್ತು. ಕೇಳುವ ಬಾಯಿ ಅವಳಿಗಿರಲಿಲ್ಲ, ಕೇಳಿದರೆ ಹೇಳುವ ಗಂಡನೂ ಅವನಲ್ಲ. ಸೀರೆ ಉಟ್ಟು ಎದುರು ನಿಂತರೆ 'ಫಾಲ್ ಹಚ್ಚಿದ್ದು ನೆಟ್ಟಗಿಲ್ಲ' ಎನ್ನುವ ಜಾತಿ.

"ಅದೊಂದ ಬಿಟ್ಟಬಿಡೋಣ್ರಿ" ಎಂದಳು ಒಂದು ದಿನ, ರೊಟ್ಟಿ ಬಡಿಯುತ್ತ.

"ಯಾವುದು?"

"ಕೆಂಪ."

ಅವನಿಗೆ ಅದು ತಿಳಿಯಲಿಲ್ಲ. ಅವಳು ಹಣೆಯ ಕುಂಕುಮ ಮುಟ್ಟಿ ತೋರಿಸಿದಳು.

"ಅದಾ? ಹುಚ್ಚೇನ ನಿನಗ? ಅಂಗಡಿಗೆ ಬರೂ ಮಂದ್ಯಾಗ ಅರ್ಧಾ ಮಂದಿ ಕೇಳೂದ ಅದನ್ನ. ಅದ ಬಾಯಿಗೆ ಬರೂ ತನಕಾ ನಾ ಗಲ್ಲಾದ ಮ್ಯಾಲೆ ಕುಂಡ್ರೂದಿಲ್ಲ. ಆ ಮುದುಕಿ ಖಣದ ಪುಡಿಕಿ ಇಟ್ಟ ಹ್ವಾದದ್ದು ಇನ್ನೂ ಕಣ್ಣಾಗ ಐತಿ."

ಮಹಾನಂದಾ ಕಾವಲಿಯ ಮೇಲಿನ ರೊಟ್ಟಿ ತಿರುವಿದಳು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಸಿಟ್ಟು ಬಂತು.

ಕೆಂಪು ಸುಲಭಕ್ಕೆ ಬಗ್ಗಲಿಲ್ಲ. ಬೆಳಕಿನ ಪೆಟ್ಟಿಗೆಯ ಮುಂದೆ ದಾನುತೆ "ರೌದೋನಾ, ರೌದೋನಾ" ಎಂದು ಗಂಟಲು ಒಣಗಿಸಿಕೊಂಡಳು. ಅಡಿವೆಪ್ಪ ಕೋಣೆಯಲ್ಲಿರುವಾಗ ಹೇಳುತ್ತಿದ್ದ, ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆಯುತ್ತಿದ್ದ. ಮತ್ತೆ ಕಟ್ಟಿದರೂ ಅಷ್ಟೇ. ಅಲ್ಲಿ ನೆಲ ಗಟ್ಟಿಯಿದೆ, ಕೆಳಗೆ ಏನೋ ಇದೆ ಎಂದು ಗಲಗಲಿ ಗೊಣಗಿದ. ಮಹಾನಂದಾ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಇದನ್ನು ಕೇಳಿಸಿಕೊಂಡಳು. ಒಳಗೊಳಗೇ ಆದ ಸಂತೋಷಕ್ಕೆ ಅವಳಿಗೆ ನಾಚಿಕೆಯಾಯಿತು.

ಆಗ ಗಲಗಲಿಗೆ ಒಂದು ಉಪಾಯ ಹೊಳೆಯಿತು. ಈ ಮನುಷ್ಯನ ಜೀವಮಾನವೆಲ್ಲ ಬಟ್ಟೆಯಲ್ಲೇ ಕಳೆದಿದೆ. ಬೆಳಕಿನ ಪೆಟ್ಟಿಗೆಯ ಬದಲು ಕೈಗೆ ಬಟ್ಟೆಯನ್ನೇ ಕೊಟ್ಟರೆ? ಒಂದು ಖಣವನ್ನು ಎರಡು ಮಾಡಿ, ಅರ್ಧ ಇಲ್ಲಿ ಅವನ ಕೈಗೆ, ಅರ್ಧ ಅಲ್ಲಿ ಆಕೆಯ ಕೈಗೆ. ಮಹಾನಂದಾಳೇ ಅಂಗಡಿಯ ಥಾನಿನಿಂದ ಕುಂಕುಮಗೆಂಪಿನ ಖಣವೊಂದನ್ನು ಹರಿದು ತಂದಳು. ಅರ್ಧ ಭಾಗ ಕೊರಿಯರಿನಲ್ಲಿ ಕೌನಾಸಿಗೆ ಹೋಯಿತು.

ಉಪಾಯವೇನೋ ಒಳ್ಳೆಯದೇ. ಆದರೆ ಗಲಗಲಿ ತನ್ನ ಹೆಂಡತಿಯ ಜೊತೆ ಮ್ಯಾಚಿಂಗ್ ಸೆಂಟರಿಗೆ ಒಮ್ಮೆಯೂ ಹೋದವನಲ್ಲವೆಂದು ತೋರುತ್ತದೆ. ಹೋಗಿದ್ದರೆ, ಅಲ್ಲಿನವನ ಕೈಗೆ ಬಟ್ಟೆ ಕೊಟ್ಟು ಟ್ಯೂಬ್‌ಲೈಟಿನ ಕೆಳಗೆ ಅಲ್ಲಾಡದೆ ಕೂರು ಎನ್ನುತ್ತಿರಲಿಲ್ಲ.

ಖಣ ಕೌನಾಸು ತಲುಪಿದ ಮೇಲಿನ ಗುರುವಾರ ಮಹಾನಂದಾ ಎಂದಿನಂತೆ ಬೆಂಚಿನ ಮೇಲಿದ್ದಳು. ಮಹಡಿಯ ಪಡಸಾಲೆಯುದ್ದಕ್ಕೂ ಕಿಟಕಿ, ಹನ್ನೊಂದರ ಬಿಸಿಲು ಅವಳ ಕಾಲಿನವರೆಗೆ ಬಂದಿತ್ತು. ಒಳಗಿನಿಂದ ದಾನುತೆಯ "ರೌದೋನಾ" ಸಣ್ಣಗೆ ಕೇಳುತ್ತಿತ್ತು. ಒಮ್ಮೆಲೇ ಬಾಗಿಲು ತೆರೆಯಿತು. ಟೋಪಿ ಹಾಕಿಕೊಂಡೇ ಅಡಿವೆಪ್ಪ ಹೊರಗೆ ಬಂದ, ಕೈಯಲ್ಲಿ ಆ ಅರ್ಧ ಖಣ. ಟೋಪಿಗೆ ತಂತಿಯಿರಲಿಲ್ಲ, ಹಾಗಾಗಿ ಅವನನ್ನು ತಡೆಯಲು ಏನೂ ಇರಲಿಲ್ಲ.

"ಅಲ್ಲೆ ಒಳಗ ಖರೇ ಬಣ್ಣ ತಿಳಿಯೂದಿಲ್ಲ" ಎಂದ. "ಏ, ಏಳ. ಇಲ್ಲೆ ನಿಂದರ."

ಅವಳು ಎದ್ದು ನಿಂತಳು. ಅವನು ಬಟ್ಟೆಯನ್ನು ಅವಳ ಭುಜದ ಮೇಲೆ ಹರಡಿ, ಒಂದು ಹೆಜ್ಜೆ ಹಿಂದೆ ಸರಿದು, ಗಿರಾಕಿಗಳನ್ನು ನೋಡುವಂತೆಯೇ ಕಣ್ಣು ಕಿರಿದು ಮಾಡಿ ನೋಡಿದ. ಒಳಗೆ ದಾನುತೆಯ ದನಿ "ರೌ" ಎಂದದ್ದು ಅಲ್ಲಿಗೇ ನಿಂತಿತು. ಮಹಾನಂದಾ ಗಂಡನ ಮುಖ ನೋಡಿದಳು. ಏನಾದರೂ ಕಂಡೀತೇ ಎಂದು ಹುಡುಕಿದಳು. ಅದೇ ಅಂಗಡಿಯ ಮುಖ.

"ಹಾಂ, ಕೂಡತೈತಿ" ಎಂದ ಅಡಿವೆಪ್ಪ.

ಗಲಗಲಿ ಓಡಿ ಬಂದವನು ತಲೆಯ ಮೇಲೆ ಕೈ ಹೊತ್ತು ನಿಂತ. ಆ ದಿನದ ಕೆಲಸ ಹಾಳಾಯಿತು. ಸಂಜೆಯವರೆಗೆ ಕಾದರೂ ಅಡಿವೆಪ್ಪನ ಬಾಯಲ್ಲಿ ರೌದೋನಾ ನಿಲ್ಲಲಿಲ್ಲ.

ಮುಂದಿನ ಗುರುವಾರ ಗಲಗಲಿ ಮಹಾನಂದಾಳನ್ನೂ ಒಳಗೆ ಕರೆದ. ದಾನುತೆ ಇಬ್ಬರೊಂದಿಗೂ ಮಾತಾಡಬೇಕು ಎಂದಿದ್ದಳಂತೆ. ಪರದೆಯ ಮೇಲೆ ಅವಳು ತನ್ನ ಮನೆಯ ಅಡಿಗೆಮನೆಯಲ್ಲಿ ಕುಳಿತಿದ್ದಳು. ಬಿಳಿಯ ಕೂದಲು, ಉಣ್ಣೆಯ ಶಾಲು. ಹಿಂದಿನ ಕಿಟಕಿಯಲ್ಲಿ ಒಂದು ಮರ, ಅದರ ತುಂಬ ಸಣ್ಣ ಸಣ್ಣ ಹಣ್ಣಿನ ಗೊಂಚಲು. ಅವಳು ಆ ಮರದ ಕಡೆ ಬೆರಳು ಮಾಡಿ, "ಕೆಂಪ" ಎಂದಳು.

ಅದನ್ನು ಹೇಳಿದ್ದು ಯಂತ್ರವಲ್ಲ. ಯಂತ್ರ ಆ ಪದವನ್ನು ಹಾಗೆ ಹೇಳುತ್ತಲೂ ಇರಲಿಲ್ಲ.

"ಕಳೆದ ಗುರುವಾರದಿಂದ ಹೀಗಾಗುತ್ತಿದೆ" ಎಂದು ಯಂತ್ರ ಅವಳ ಮುಂದಿನ ಮಾತನ್ನು ಕನ್ನಡಕ್ಕೆ ತಂದಿತು. "ಈ ಹಣ್ಣುಗಳನ್ನು ಕಂಡರೆ ಮೊದಲು ಈ ಪದ ಬರುತ್ತದೆ. ನನ್ನ ಭಾಷೆಯ ಪದ ಆಮೇಲೆ ಬರುತ್ತದೆ. ಪದದ ಹಿಂದೆಯೇ ಒಬ್ಬ ಹುಡುಗಿ ಬರುತ್ತಾಳೆ."

ಗಲಗಲಿಯ ಕೈ ಕನ್ನಡಕದ ಮೇಲೆ ನಿಂತಿತು.

"ಬಿಸಿಲು ಬಹಳ. ಅಂಗಡಿಯ ಮುಂದಿನ ಬೀದಿ. ಎರಡು ಜಡೆಯ ಹುಡುಗಿ, ಒಂದರ ರಿಬ್ಬನ್ ಬಿಚ್ಚಿಹೋಗಿದೆ. ಅವಳು ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು ತನಗೆ ಒಪ್ಪುತ್ತದೆಯೇ ಎಂದು ನೋಡುತ್ತಿದ್ದಾಳೆ. ಒಳಗಿನಿಂದ ತಾಯಿ ಗದರಿಸುತ್ತಾರೆ. ಅವಳು ತಾಯಿಗೆ ಕಾಣದಂತೆ ನಾಲಿಗೆ ಚಾಚುತ್ತಾಳೆ. ನಾನು ಒಳಗೆ ನಿಂತಿದ್ದೇನೆ. ಅವಳು ಈ ಕಡೆ ತಿರುಗುವ ಮೊದಲೇ ತಲೆ ತಗ್ಗಿಸುತ್ತೇನೆ. ಪ್ರತಿ ಸಲವೂ ತಗ್ಗಿಸುತ್ತೇನೆ. ಅವರು ಹೋದ ಮೇಲೆ, ಯಾವ ಊರಿನವರು ಎಂದು ಎಲ್ಲರನ್ನೂ ವಿಚಾರಿಸುತ್ತೇನೆ." ದಾನುತೆ ಎದೆಯ ಮೇಲೆ ಶಾಲು ಸರಿಮಾಡಿಕೊಂಡಳು. "ನನಗೆ ಎಪ್ಪತ್ತಾರು ವರ್ಷ. ಎದೆ ಬಹಳ ಹೊಡೆದುಕೊಳ್ಳುತ್ತಿತ್ತು. ವೈದ್ಯರಿಗೆ ತೋರಿಸಿದೆ. ಹೃದಯದಲ್ಲಿ ಯಾವ ದೋಷವೂ ಇಲ್ಲವೆಂದರು."

ಮಹಾನಂದಾಳಿಗೆ ನೆನಪು ಬರಲು ಹೊತ್ತು ಹಿಡಿಯಿತು. ಅಕ್ಕನ ಮದುವೆಯ ಜವಳಿಗೆಂದು ಅವ್ವನ ಜೊತೆ ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಬಂದದ್ದು. ಎಷ್ಟೋ ಅಂಗಡಿ ಹತ್ತಿ ಇಳಿದದ್ದು. ಒಂದು ಕಡೆ ಕೆಂಪು ಖಣಕ್ಕೆ ಹಟ ಹಿಡಿದಿದ್ದಳು. ಕಣ್ಣಿಗೆ ಹೊಡೆಯುತ್ತದೆ ಎಂದು ಅವ್ವ ಕೊಡಿಸಲಿಲ್ಲ. ಅದು ಯಾವ ಅಂಗಡಿ, ಒಳಗೆ ಯಾರಿದ್ದರು, ಅವಳು ನೋಡಿಯೇ ಇರಲಿಲ್ಲ. ಮುಂದೆ ವರ್ಷದೊಳಗೆ ಸೋದರಮಾವ ಈ ಸಂಬಂಧ ತಂದ, ಹಿರಿಯರು ಒಪ್ಪಿದರು, ಮದುವೆಯಾಯಿತು. ಅವಳಿಗೆ ಗೊತ್ತಿದ್ದ ಕತೆ ಇಷ್ಟೇ. ಅವಳು ಗಂಡನ ಕಡೆ ತಿರುಗಿದಳು.

"ಏನ್ರಿ, ಸಂಬಂಧ ತಂದಾಂವ ನಮ್ಮ ಮಾವ ಅಲ್ಲೇನ್ರಿ?"

ಅಡಿವೆಪ್ಪ ಕೈಯಲ್ಲಿದ್ದ ಟೋಪಿಯ ಪಟ್ಟಿಯನ್ನು ಪರೀಕ್ಷೆ ಮಾಡುತ್ತಿದ್ದ. "ನಿಮ್ಮ ಮಾವಗ ಹೇಳಿ ಕಳಿಸಿದಾಂವ ನಾನ" ಎಂದ.

ಗಲಗಲಿ ನಡುವೆ ಬಾಯಿ ಹಾಕಿದ. ಅವನಿಗೂ ಉಸಿರು ಏರಿತ್ತು. "ಪದ ಸತ್ತಿದ್ದಿಲ್ಲ ನೋಡ್ರಿ! ಅವರ ಸ್ವಂತ ನಾಲಗಿಗೆ ಬರೋ ರಸ್ತಾ ಅಷ್ಟ ಇದ್ದಿಲ್ಲ. ಅವತ್ತು ನಿಮ್ಮ ಹೆಗಲಿಗೆ ಬಟ್ಟಿ ಹಿಡದಾಗ ಅದು ಒಮ್ಮಿಗೇ ಎದ್ದು, ಟೋಪಿಯೊಳಗಿಂದ ಉಲ್ಟಾ ಹರದು ಆಕೀ ಕಡೆ ಹೋಗ್ಯದ." ಮತ್ತೆ ತುಸು ಸಮಾಧಾನ ತಂದುಕೊಂಡು ಮುಂದುವರಿಸಿದ. "ಈಗ ಕೆಳಗ ಏನದ ಅಂತ ತಿಳೀತು. ಇವತ್ತ ಬಾಗಲಾ ಕೀಲಿ ಹಾಕಿ ಇನ್ನೊಮ್ಮೆ ಕಟ್ಟೋಣು. ಈ ಸಲ ರೌದೋನಾ ಹತ್ತತದ, ಖಾತ್ರಿ. ಇವತ್ತ ಬಿಟ್ರ ಮುಂದ ಆ ನೆಲ ಪೂರಾ ಗಟ್ಟಿ ಆಗ್ತದ, ಆಮ್ಯಾಲ ಎಂದೂ ಆಗೂದಿಲ್ಲ."

ಅಡಿವೆಪ್ಪ ಕೇಳಿದ: "ಕಟ್ಟಿದ್ರ, ಆಕಿ ಈಗ ಹೇಳಿದ್ಲಲ್ಲ, ಅದು ಹೋಗತೈತೇನ್ರಿ?"

"ನೆನಪು ಹೋಗೂದಿಲ್ಲ. ಬಿಸಿ ಹೋಗ್ತದ. ಮಗಳ ಬಳಿದು ಆತಲ್ಲ, ಹಂಗ."

ಬೇಡ ಎನ್ನಲು ಮಹಾನಂದಾಳಿಗೆ ಮನಸ್ಸಿತ್ತು. ಬೇಡ ಎಂದರೆ ಅವನು ಜೀವಮಾನವಿಡೀ ಒಬ್ಬನೇ ಅಂಗಡಿಯಲ್ಲಿ ಕೂರುವಂತಿಲ್ಲ, ಪ್ರತಿ ಕೆಂಪಿಗೂ ಇನ್ನೊಬ್ಬರ ಮುಖ ನೋಡಬೇಕು. ಅಷ್ಟು ದೊಡ್ಡದನ್ನು ತನಗಾಗಿ ಕೇಳುವ ಹಕ್ಕು ತನಗಿದೆಯೆಂದು ಅವಳಿಗೆ ಅನಿಸಲಿಲ್ಲ. ಅವಳು ಮೇಜಿನ ಮೇಲಿದ್ದ ಅರ್ಧ ಖಣವನ್ನೇ ನೋಡುತ್ತ ನಿಂತಳು.

ಅಡಿವೆಪ್ಪ ಟೋಪಿಯನ್ನು ಆ ಖಣದ ಪಕ್ಕಕ್ಕೆ ಇಟ್ಟ.

"ಬ್ಯಾಡ ಬಿಡ್ರಿ ಡಾಕ್ಟರ. ಅದನ್ನ ಕೇಳಿದವ್ರಿಗೆ ಇಕಿ ತಗದ ಕೊಡ್ತಾಳ."

ಮೂವತ್ತು ವರ್ಷದಲ್ಲಿ ಅವನು ಇದಕ್ಕಿಂತ ಹೆಚ್ಚಿನದೇನನ್ನೂ ಹೇಳಿರಲಿಲ್ಲ. ಮಹಾನಂದಾ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು, ಯಾರು ನೋಡಿದರೂ ನೋಡಲಿ ಎಂದು.

ಪರದೆಯ ಮೇಲೆ ದಾನುತೆ ಏನೋ ಕೇಳಿದಳು. "ನನ್ನಲ್ಲಿಗೆ ಬಂದದ್ದನ್ನು ತೆಗೆದುಹಾಕಬಹುದೆಂದು ಇಲ್ಲಿಯವರು ಹೇಳುತ್ತಾರೆ" ಎಂದಿತು ಯಂತ್ರ. "ಅದು ನಿಮ್ಮ ಸೊತ್ತು. ಆದರೆ ನನಗೆ ಇಂಥದ್ದು ಬೇರೆ ಇರಲಿಲ್ಲ. ಆ ಹುಡುಗಿಯ ಅಪ್ಪಣೆಯಿದ್ದರೆ ಇಟ್ಟುಕೊಳ್ಳುತ್ತೇನೆ."

ಮಹಾನಂದಾ ಪರದೆಯ ಹತ್ತಿರ ಹೋದಳು. "ಇಟ್ಕೊ ದಾನವ್ವ, ಇಟ್ಕೊ. ತಗಸಬ್ಯಾಡ" ಎಂದಳು. ಗಂಡನತ್ತ ನೋಡದೆ ಮುಂದುವರಿಸಿದಳು. "ಆದ್ರ ಒಂದ ಮಾತ ಖರೇ ಖರೇ ಹೇಳು. ಆ ಹುಡುಗಿ ನೋಡಾಕ ಹ್ಯಾಂಗದಾಳ?"

ಯಂತ್ರ ಪ್ರಶ್ನೆಯನ್ನು ಆ ಕಡೆಗೆ ದಾಟಿಸಿತು. ದಾನುತೆ ಕಿಟಕಿಯತ್ತ ತಿರುಗಿ ಹಣ್ಣಿನ ಗೊಂಚಲುಗಳನ್ನು ನೋಡುತ್ತ ಕುಳಿತಳು. ಆಮೇಲೆ ಅವಳ ಬಾಯಿಂದ ಬಂದ ಮಾತಿನಲ್ಲಿ ಯಂತ್ರಕ್ಕೆ ಕೆಲಸವೇ ಇರಲಿಲ್ಲ. ಅದು ಜವಳಿಸಾಲಿನ ಯಾವನೋ ಪ್ರಾಯದ ಹುಡುಗ ಗೆಳೆಯನ ಕಿವಿಯಲ್ಲಿ ಉಸುರಿದಂತಿತ್ತು.

"ಏ, ಭಾಳ ಚಂದ ಅದಾಳಲೇ!"

ಗಲಗಲಿ ಕೆಮ್ಮಿ ಗೋಡೆಯ ಕಡೆ ತಿರುಗಿದ. ಮಹಾನಂದಾ ಗಂಡನ ಕಡೆ ತಿರುಗಿದಳು. ಅಡಿವೆಪ್ಪ ಥೇಟ್ ಆ ಹುಡುಗನಂತೆಯೇ ತಲೆ ತಗ್ಗಿಸಿ ನಿಂತಿದ್ದ. ಅವನ ಎರಡೂ ಕಿವಿಗಳು ಯಾವ ಬಣ್ಣಕ್ಕೆ ತಿರುಗಿದ್ದವೆಂದು ಧಾರವಾಡದಲ್ಲಿದ್ದವರೂ ಹೇಳಬಹುದಿತ್ತು, ಕೌನಾಸಿನಲ್ಲಿದ್ದವಳೂ ಎರಡೆರಡು ಭಾಷೆಯಲ್ಲಿ ಹೇಳಬಹುದಿತ್ತು. ಹೇಳಲು ಬಾರದವನು ಅವನೊಬ್ಬನೇ.